ಗೋಲಿ ಕಿತ್ತಳೆಯ ಹಿಂದಿನ ಸಾಲು

ಜನವರಿ 9

ಅಕ್ಕಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕುಂಡ ಹೊರುವ ನಮ್ಮ ಕುಂಡದಣ್ಣ ಎತ್ತಿ, ‘ಅಕ್ಕೋರು ಗಿಡಕ್ಕೆ ನೀರು ಬಿಡ್ತಾ ಇದಾರೆ’ ಎನ್ನುತ್ತಾನೆ. ಎರಡು ವರ್ಷದಿಂದ ನೀನು ನೀರು ಬಿಡುತ್ತಲೇ ಇದ್ದೀಯ, ನರ್ಸರಿ ಇಷ್ಟು ಹೊತ್ತಿಗೆ ಕೆರೆಯಾಗಿರಬೇಕು. ಅದಕ್ಕೇ ಈ ಕಾಗದ.

ಕೇಳಬೇಕಾದದ್ದು ಒಂದೇ ಮಾತು. ಒಂಬತ್ತನೇ ಸಾಲಿನ ಮೂರನೆಯ ಗಿಡ, ಅಪ್ಪನ ಗೋಲಿ ಕಿತ್ತಳೆ, ಕೊನೆಯ ಸಲ ಬಂದಾಗ ನಾನು ಕೊಂಬೆ ಕತ್ತರಿಸಿಕೊಂಡು ಹೋದದ್ದು, ಅದು ಅಪ್ಪ ಕಸಿ ಕಟ್ಟಿದ ಗಿಡವೇ ತಾನೆ? ನಡುವೆ ಒಣಗಿ, ಆ ಜಾಗದಲ್ಲಿ ಬೇರೆಯದನ್ನು ನೆಟ್ಟಿದ್ದೆಯಾ? ಚೀಟಿ ಅದಲುಬದಲಾಗಿತ್ತಾ? ಕೋಪ ಮಾಡಿಕೊಳ್ಳಬೇಡ. ಕೇಳುವುದಕ್ಕೆ ಕಾರಣವಿದೆ.

ನಾನು ಇಲ್ಲಿ ಏನು ಮಾಡುತ್ತಿದ್ದೇನೆ ಎಂದು ನಿನಗೆ ಯಾವತ್ತೂ ನೆಟ್ಟಗೆ ಹೇಳಿಲ್ಲ. ನಾವು ಗೋಲಿ ಕಿತ್ತಳೆ ಎನ್ನುವುದನ್ನು ಪುಸ್ತಕದವರು ಕುಮ್ಕ್ವಾಟ್ ಎನ್ನುತ್ತಾರೆ. ಮೊದಲು ಅದನ್ನು ಕಿತ್ತಳೆ, ನಿಂಬೆಗಳ ಕುಲಕ್ಕೇ ಸೇರಿಸಿದ್ದರು. ನೂರು ವರ್ಷದ ಹಿಂದೆ ಒಬ್ಬರು, ಇದರ ಹಣ್ಣಿಗೆ ತೊಳೆ ಕಡಿಮೆ, ಒಂದೊಂದು ತೊಳೆಯಲ್ಲಿ ಬೀಜವಾಗುವ ಅಂಡಕ ಎರಡೇ ಎರಡು ಎಂದು ಬೇರೆ ಕುಲ ಮಾಡಿಕೊಟ್ಟರು. ಈಗಿನವರು, ಬೇರೆ ಒಲೆ ಹೂಡಿದವನನ್ನು ಮತ್ತೆ ಮನೆಗೆ ಕರೆತಂದ ಹಾಗೆ, ಕಿತ್ತಳೆಯ ಕುಲಕ್ಕೇ ಎಳೆದು ತಂದಿದ್ದಾರೆ. ಕುಲದ ಜಗಳ ಹಾಗಿರಲಿ, ಅದರೊಳಗೆ ಎಷ್ಟು ಪ್ರಭೇದಗಳಿವೆ ಎಂಬುದಕ್ಕೂ ಒಮ್ಮತವಿಲ್ಲ. ಗುಂಡಗಿನದು, ಉದ್ದನೆಯದು, ಕಾಡಿನ ಬಟಾಣಿ ಗಾತ್ರದ್ದು, ಹೀಗೆ ನಾಲ್ಕೈದು ಹೇಳುತ್ತಾರೆ. ಅಪ್ಪನ ಗಿಡ ಇದ್ಯಾವುದಕ್ಕೂ ಹೊಂದುವುದಿಲ್ಲ, ಅದು ತಾನೇ ಒಂದು ಪ್ರಭೇದ ಎಂಬುದು ನನ್ನ ವಾದ. ಎಂಟು ವರ್ಷದ ಓದೆಲ್ಲ ಈ ಒಂದು ವಾದದ ಮೇಲೆ ನಿಂತಿದೆ.

ಹೋದ ವಾರ ಎಲೆಯ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು. ಅರ್ಧ ಕುಮ್ಕ್ವಾಟ್, ಅರ್ಧ ಕಿತ್ತಳೆ. ಬೆರಕೆ ಗಿಡ! ನಮ್ಮ ಸಮಿತಿಯ ಹಿರಿಯರನ್ನು ಎಲ್ಲರೂ ಬೆನ್ನ ಹಿಂದೆ ಕತ್ತರಿ ಮೇಷ್ಟ್ರು ಎನ್ನುತ್ತಾರೆ, ಇದುವರೆಗೆ ಹದಿನೇಳು ‘ಹೊಸ ಪ್ರಭೇದ’ಗಳನ್ನು ಕತ್ತರಿಸಿ ಎಸೆದವರು. ‘ಹದಿನೆಂಟನೇದು ನಿಮ್ದಮ್ಮಾ’ ಎಂದರು, ನಗುತ್ತಾ. ಸೆಪ್ಟೆಂಬರ್‌ನಲ್ಲಿ ಸಮಿತಿ ಕೂರುತ್ತದೆ. ಅಷ್ಟರೊಳಗೆ ಉತ್ತರ ಹೇಳಲಾಗದಿದ್ದರೆ ಪದವಿಯೂ ಇಲ್ಲ, ಒಣಗಿಡಗಳನ್ನು ಕಾಪಾಡುವ ಈ ಹರ್ಬೇರಿಯಂನಲ್ಲಿ ಕೆಲಸವೂ ಇಲ್ಲ.

ನಾನು ಕೊಂಬೆಗಳನ್ನು ಒಣಗಿಸಿ ಅಂಟಿಸಿಟ್ಟ ಹಾಳೆಯ ಫೋಟೋ ಜೊತೆಗಿಟ್ಟಿದ್ದೇನೆ. ಗಿಡದ ವಿಷಯ ಮಾತ್ರ ಬರೆದರೂ ಸಾಕು.

ತಂಗಿ

---

ಜನವರಿ 20

ಮಹಾ ವಿಜ್ಞಾನಿಗಳಿಗೆ,

ಗಿಡ ಬದಲಾಯಿಸಿದ್ದೆಯಾ ಎಂದು ಕೇಳಿದೆಯಲ್ಲ, ಭಲೇ! ಚೀಟಿ ಅದಲುಬದಲು ಮಾಡಿ ಗಿಡ ಮಾರುವವಳಾಗಿದ್ದರೆ ಅಪ್ಪ ಹೋದ ಮೇಲೆ ಈ ನರ್ಸರಿ ಮೂರು ತಿಂಗಳು ನಿಲ್ಲುತ್ತಿರಲಿಲ್ಲ. ನಿನ್ನ ಕಾಗದ ಓದಿ ಸಿಟ್ಟು ನೆತ್ತಿಗೇರಿ, ಅದನ್ನು ಗೊಬ್ಬರದ ಚೀಲದ ಮೇಲೆ ಎಸೆದೆ. ಕುಂಡದಣ್ಣ ಎತ್ತಿಕೊಂಡು ಬಂದು, ‘ಫೋಟೋ ಆದ್ರೂ ನೋಡಿ ಅಕ್ಕೋರೆ’ ಎಂದ. ನೋಡಿದೆ. ನೋಡಿ ನಕ್ಕೆ. ಆಮೇಲೆ ಅಳು ಬಂತು, ಅದೆಲ್ಲ ನಿನಗೆ ಹೇಳಬೇಕಾಗಿಲ್ಲ.

ಹಾಳೆಯ ಮೇಲೆ ಎರಡು ಕೊಂಬೆಗಳಿವೆ. ಎರಡರಲ್ಲೂ ಒಂದೊಂದು ಎಲೆಯನ್ನು ಮಗುಚಿ, ಬೆನ್ನು ಮೇಲೆ ಮಾಡಿ ಅಂಟಿಸಿದ್ದೀಯ. ಎಡಗಡೆಯದು ಹೂವಿನ ಕೊಂಬೆ. ಎಲೆಯ ಬೆನ್ನು ಬೆಳ್ಳಗೆ, ನರ ಕಾಣುವುದೇ ಇಲ್ಲ. ಅದು ನಮ್ಮ ಗಿಡ. ಬಲಗಡೆಯದರಲ್ಲಿ ಬರೀ ಎಲೆ. ಬೆನ್ನು ಹಸಿರು, ನರಗಳು ಮುದುಕಿಯ ಕೈಯಲ್ಲಿ ಎದ್ದ ಹಾಗೆ ಎದ್ದಿವೆ. ಅದು ನಮ್ಮ ಗಿಡವಲ್ಲ ಕಣೇ, ಬೇರುಗಿಡ! ಕಸಿ ಕಟ್ಟುವುದಕ್ಕೆ ಅಪ್ಪ ಬುಡವಾಗಿ ಬಳಸುತ್ತಿದ್ದ ಹುಳಿ ಗಿಡ, ಕಿತ್ತಳೆಗೂ ಗೋಲಿ ಕಿತ್ತಳೆಗೂ ಹುಟ್ಟಿದ್ದು. ಕಸಿಯ ಗಂಟಿನ ಕೆಳಗಿಂದ ಕಳ್ಳಚಿಗುರು ಹೊರಟು, ಮೇಲಿನ ಕೊಂಬೆಗಳ ನಡುವೆ ನುಗ್ಗಿ ನಿಂತಿದೆ. ನೀನು ಅದನ್ನೂ ಕತ್ತರಿಸಿಕೊಂಡು ಹೋಗಿದ್ದೀಯ. ಹೂವಿನ ಕೊಂಬೆ ಹಾಳಾಗಬಾರದೆಂದು ಪರೀಕ್ಷೆಗೆ ಎಲೆಯನ್ನು ಬಲಗಡೆಯದರಿಂದಲೇ ಕಿತ್ತುಕೊಟ್ಟಿರುತ್ತೀಯ, ಹೌದೋ ಅಲ್ಲವೋ? ಯಂತ್ರ ಸುಳ್ಳು ಹೇಳಿಲ್ಲ. ನೀನು ಕೊಟ್ಟದ್ದನ್ನೇ ಹೇಳಿದೆ.

ಏಳು ವರ್ಷದವಳಿದ್ದಾಗ ಶಾಲೆಗೆ ಹೋಗುವ ಮೊದಲು ಸಾಲು ಸಾಲಾಗಿ ಕಳ್ಳಚಿಗುರು ಚಿವುಟಿ ಬರುತ್ತಿದ್ದವಳು ನೀನು! ‘ಇವಳ ಉಗುರಿಗೆ ಕಣ್ಣಿದೆ’ ಎನ್ನುತ್ತಿದ್ದರು ಅಪ್ಪ. ಕೊಂಬೆಗೆಂದು ಬಂದ ಅವತ್ತು ನೀನು ಕಾರನ್ನು ಗೇಟಿನ ಹೊರಗೆ ನಿಲ್ಲಿಸಿಕೊಂಡು ಬಂದೆ, ಅರ್ಧ ಗಂಟೆಯೂ ಕೂರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ.

ಇನ್ನೊಂದು ವಿಷಯ. ಆಮೇಲೆ ನೀನು ಅಚ್ಚು ಹಾಕಿಸಿದ ಲೇಖನದಲ್ಲಿ, ಈ ಗಿಡ ಸಿಕ್ಕಿದ್ದು ‘ಒಂದು ಖಾಸಗಿ ನರ್ಸರಿ’ಯಲ್ಲಿ ಎಂದು ಬರೆದಿದ್ದೆ. ಕಾಲೇಜಿಗೆ ಹೋಗುವ ಗಿರಾಕಿಯೊಬ್ಬಳು ಓದಿ ಹೇಳಿದಳು. ಅಪ್ಪನಿಗೆ ಹೆಸರಿರಲಿಲ್ಲವಾ? ನನಗೆ? ಉತ್ತರ ಬೇಡ. ಗಿಡದ ವಿಷಯ ಕೇಳಿದೆ, ಹೇಳಿದ್ದೇನೆ.

ಇತಿ,
ಒಂದು ಖಾಸಗಿ ನರ್ಸರಿ

---

ಫೆಬ್ರವರಿ 2

ಅಕ್ಕಾ,

ಹಾಳೆಯನ್ನು ಕಪಾಟಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ನೀನು ಹೇಳಿದ್ದು ಅಕ್ಷರಕ್ಕಕ್ಷರ ನಿಜ. ಮೂರು ಜನ ಪ್ರಾಧ್ಯಾಪಕರು, ಎರಡು ಸೂಕ್ಷ್ಮದರ್ಶಕ, ಒಂದು ಪ್ರಯೋಗಶಾಲೆ ಎಲ್ಲ ಸೇರಿ ಎರಡು ವರ್ಷದಲ್ಲಿ ಕಾಣದ್ದು ನಿನಗೆ ಅಂಗೈಯಗಲದ ಫೋಟೋದಲ್ಲಿ ಕಂಡಿತು. ಖುಷಿಗೆ ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಷ್ಟ್ರ ಕೋಣೆಗೆ ಓಡಿದೆ.

ಅವರು ಕನ್ನಡಕ ಹಣೆಗೇರಿಸಿ ಕೇಳಿಸಿಕೊಂಡರು. ‘ಅಂದ್ರೆ ಒಂದೇ ಗಿಡದಲ್ಲಿ ಎರಡು ಗಿಡ ಇತ್ತು, ನಿಮಗೆ ಗೊತ್ತಾಗ್ಲಿಲ್ಲ. ನಿಮ್ಮಕ್ಕನಿಗೆ ಫೋಟೋ ನೋಡಿ ಗೊತ್ತಾಯ್ತು. ಇದನ್ನ ಸಮಿತಿಗೆ ನಾನು ಯಾವ ಬಾಯಲ್ಲಿ ಹೇಳ್ಲಮ್ಮಾ?’

‘ಮೇಲಿನ ಕೊಂಬೆಯ ಎಲೆನೇ ಮತ್ತೆ ಪರೀಕ್ಷೆ ಮಾಡಿಸ್ತೀನಿ ಸಾರ್.’

‘ಮಾಡಿಸಿ. ಆದ್ರೆ ಕಸಿ ಗಿಡದ ಸಾಕ್ಷಿ ಒಂದೇ ಆದ್ರೆ ನಾನು ಒಪ್ಪಲ್ಲ. ಬೀಜದಿಂದ ಬಂದ, ಸ್ವಂತ ಬೇರಿನ ಗಿಡ ತೋರಿಸಿ. ಒಂದಲ್ಲ, ಹತ್ತಾರು. ಹಣ್ಣು ಬಿಟ್ಟಿರಬೇಕು. ಬೆರಕೆ ಆದ್ರೆ ಮಕ್ಕಳು ಒಂದೊಂದೂ ಒಂದೊಂದು ಥರ ಇರ್ತಾವೆ. ಪ್ರಭೇದ ಆದ್ರೆ ಎಲ್ಲಾ ಒಂದೇ ಥರ.’

ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಬೀಜ ಹಾಕಿ ಹಣ್ಣು ನೋಡಲು ಏಳೆಂಟು ವರ್ಷ ಬೇಕು, ನನಗಿರುವುದು ಏಳು ತಿಂಗಳು. ಕಸಿಯಲ್ಲಿ ಎರಡು ವರ್ಷಕ್ಕೆ ಬರುವ ಹಣ್ಣಿಗೆ ಬೀಜ ಹಾಕಿಕೊಂಡು ಎಂಟು ವರ್ಷ ಕಾಯುವ ಹುಚ್ಚರು ಯಾವ ನರ್ಸರಿಯಲ್ಲಿದ್ದಾರೆ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಷ್ಟೆ. ಸಮಿತಿ ಬೇಡವೆನ್ನುವ ಮೊದಲು ನಾನೇ ಅರ್ಜಿ ವಾಪಸ್ಸು ಪಡೆಯುವುದು ಮರ್ಯಾದೆ.

ಖಾಸಗಿ ನರ್ಸರಿಯ ಮಾತಿಗೆ ನನ್ನ ಹತ್ತಿರ ಉತ್ತರ ಇದೆ. ಅದನ್ನು ಬರೆಯಲು ಇವತ್ತು ಮುಖವಿಲ್ಲ.

ತಂಗಿ

---

ಫೆಬ್ರವರಿ 8

ಚಿಕ್ಕೀ,

ಅರ್ಜಿ ಗಿರ್ಜಿ ಏನನ್ನೂ ವಾಪಸ್ಸು ತೆಗೆದುಕೊಳ್ಳಬೇಡ. ತೆಗೆದುಕೊಂಡರೆ ಬಂದು ಕಾಲು ಮುರಿಯುತ್ತೇನೆ.

ನೆರಳುಮನೆಯ ಹಿಂದೆ, ಒಡೆದ ಕುಂಡ ರಾಶಿ ಹಾಕುವ ಬಯಲಿನಲ್ಲಿ, ಮೂವತ್ತೊಂದು ಗಿಡಗಳಿವೆ. ಎಲ್ಲವೂ ಒಂಬತ್ತನೇ ಸಾಲಿನ ಮೂರನೆಯ ಗಿಡದ ಬೀಜದವು. ನೀನು ಓದಲು ಹೋದ ವರ್ಷ ಹಾಕಿದ್ದು. ಯಾಕೆ ಹಾಕಿದೆ ಎಂದು ಕೇಳಬೇಡ, ಕುಂಡ ಖಾಲಿ ಇದ್ದವು. ಹೋದ ವರ್ಷ ನಾಲ್ಕೈದು ಗಿಡ ಹಣ್ಣು ಬಿಟ್ಟವು, ಈ ವರ್ಷ ಮೂವತ್ತೊಂದೂ ಬಿಟ್ಟಿವೆ. ನಿನ್ನ ಕಾಗದ ಬಂದ ಮಧ್ಯಾಹ್ನ ಗೇಟು ಹಾಕಿ, ನಾನೂ ಕುಂಡದಣ್ಣನೂ ಕೂತು ಒಂದೊಂದು ಗಿಡದಿಂದ ಐದೈದು ಹಣ್ಣು ಕೊಯ್ದು ನೋಡಿದೆವು. ಎಲ್ಲಕ್ಕೂ ತೊಳೆ ನಾಲ್ಕೇ. ಸಿಪ್ಪೆ ಸಿಹಿ, ರಸ ಹುಳಿ. ಬೀಜ ಸೀಳಿದರೆ ಒಳಗೆ ಪಿಸ್ತಾ ಹಸಿರು. ತಿಂದು ತಿಂದು ಕುಂಡದಣ್ಣನ ಹಲ್ಲು ಜುಮ್ಮೆಂದು, ಸಂಜೆ ಟೀ ಕುಡಿಯಲಾಗದೆ ಒದ್ದಾಡಿದ.

ಅವುಗಳಲ್ಲಿ ಒಂಬತ್ತು ಸೊರಗಿದ ಮೊಳಕೆಯವು. ನಿನಗೆ ಗೊತ್ತಲ್ಲ, ಇದರಲ್ಲಿ ಒಂದು ಬೀಜಕ್ಕೆ ಎರಡು ಮೂರು ಮೊಳಕೆ ಬರುತ್ತವೆ. ಗಟ್ಟಿಯದನ್ನು ಇಟ್ಟುಕೊಂಡು ಸೊರಗಿದ್ದನ್ನು ಕಿತ್ತೆಸೆಯಬೇಕು ಎಂದು ಅಪ್ಪ ಕಲಿಸಿದ್ದು. ನಾನು ಎಸೆಯಲಿಲ್ಲ. ಅವೂ ಈಗ ಸೊಂಟದೆತ್ತರ ಇವೆ. ಬೇಡವಾದರೆ ಅವನ್ನು ಬಿಟ್ಟುಬಿಡು.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯಬೇಡ. ಬಾ. ಈ ಸಲ ಕಾರು ವಾಪಸ್ಸು ಕಳಿಸಿ ಒಳಗೆ ಬಾ.

ಅಕ್ಕ

---

ಏಪ್ರಿಲ್ 15

ಅಕ್ಕಾ,

ಅಲ್ಲಿದ್ದ ನಾಲ್ಕು ದಿನವೂ ನಾವು ಎಲೆ, ತೊಳೆ, ಬೀಜ ಬಿಟ್ಟು ಬೇರೆ ಮಾತನ್ನೇ ಆಡಲಿಲ್ಲ. ಹೊರಡುವಾಗ ನೀನು ಬಸ್ಸಿನ ಕಿಟಕಿಯಲ್ಲಿ ಹಣ್ಣಿನ ಚೀಲ ತುರುಕಿ ‘ಹೋಗು, ಹೋಗು’ ಎಂದು ಬೆನ್ನು ತಿರುಗಿಸಿದೆ. ಅಲ್ಲಿ ನಾಲಿಗೆ ಏಳದ್ದನ್ನು ಇಲ್ಲಿ ಬರೆಯುತ್ತೇನೆ.

‘ಒಂದು ಖಾಸಗಿ ನರ್ಸರಿ’ ಎಂದು ಬರೆದವಳು ನಾನೇ, ಯಾರೂ ಬರೆಸಲಿಲ್ಲ. ಇಲ್ಲಿ ಎಲ್ಲರ ಅಪ್ಪಂದಿರೂ ಡಾಕ್ಟರು, ವಕೀಲರು. ಗಿಡ ಮಾರುವವರ ಮಗಳು ತನ್ನ ಮನೆಯ ಗಿಡಕ್ಕೇ ಪಟ್ಟ ಕಟ್ಟಲು ಹೊರಟಿದ್ದಾಳೆ ಎಂದು ನಗುತ್ತಾರೆ ಅನ್ನಿಸಿತು. ನಾಚಿಕೆಪಟ್ಟುಕೊಂಡೆ. ಈಗ ಆ ನಾಚಿಕೆಯನ್ನು ನೆನೆದರೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತದೆ. ತಪ್ಪಾಯಿತು ಅಕ್ಕಾ.

ಈಗ ಗಿಡದ ಸುದ್ದಿ. ಮೇಲಿನ ಕೊಂಬೆಯ ಎಲೆಯಲ್ಲಿ ಕಿತ್ತಳೆಯ ಸುಳಿವೇ ಇಲ್ಲ! ಆದರೆ ಮೇಷ್ಟ್ರು ಮೂವತ್ತೊಂದು ಗಿಡದ ಪಟ್ಟಿ ನೋಡಿ ಅಡ್ಡಡ್ಡ ತಲೆಯಾಡಿಸಿದರು. ಗಟ್ಟಿ ಮೊಳಕೆಗಳು ಪರಾಗದ ಹಂಗಿಲ್ಲದೆ ತಾಯಿಯ ಮೈಯಿಂದಲೇ ಹುಟ್ಟುತ್ತವೆ, ಅವು ತಾಯಿಯ ನಕಲು. ಬೆರಕೆ ಗಿಡವೂ ನಕಲು ಕೊಡುತ್ತದೆ, ಆದ್ದರಿಂದ ಅವು ಸಾಕ್ಷಿಯಲ್ಲ. ಹೂವಿಗೆ ಪರಾಗ ತಗುಲಿ ಹುಟ್ಟಿದ ನಿಜವಾದ ಮಗು ಸಾಮಾನ್ಯವಾಗಿ ಆ ಸೊರಗಿದ ಮೊಳಕೆ. ‘ಅದೊಂದೇ ಸಾಕ್ಷಿ. ಅದನ್ನ ನರ್ಸರಿಯವರು ಎಸೆದಿರ್ತಾರೆ’ ಎಂದರು.

‘ಎಸೆದಿಲ್ಲ ಸಾರ್’ ಎಂದೆ. ‘ಒಂಬತ್ತಿವೆ.’

ಅವರು ಪೆನ್ನು ಕೆಳಗಿಟ್ಟರು.

ಒಂಬತ್ತರ ಎಲೆಯನ್ನೂ ಪರೀಕ್ಷೆಗೆ ಕೊಟ್ಟೆ. ಎರಡು ನಕಲು. ಏಳು ಆ ಗಿಡದ ಹೂವಿಗೆ ಅದರದೇ ಪರಾಗ ಸೇರಿ ಹುಟ್ಟಿದವು. ಹಣ್ಣು ಏಳರದ್ದೂ ಒಂದೇ ಥರ ಎಂದು ನಾವಿಬ್ಬರೂ ನೋಡಿದ್ದೇವೆ. ಹೂವೂ ಹಾಗೇ ಇದ್ದರೆ ಗೆದ್ದ ಹಾಗೆ. ಒಂದು ಗಿಡ ಜಾರಿದರೂ ಮುಗಿಯಿತು. ಹೂವನ್ನು ತಾವೇ ಖುದ್ದಾಗಿ ನೋಡಬೇಕೆಂದು ಮೇಷ್ಟ್ರು ಹಟ ಹಿಡಿದಿದ್ದಾರೆ. ಯಾವತ್ತು ಬರುತ್ತಾರೆಂದು ಹೇಳುವುದಿಲ್ಲವಂತೆ.

ಆ ಏಳನ್ನು ಜೋಪಾನ ಮಾಡು.

ನಿನ್ನ ಚಿಕ್ಕಿ

---

ಆಗಸ್ಟ್ 27

ಚಿಕ್ಕೀ,

ಬಂದಿದ್ದರು!

ಹತ್ತು ಗಂಟೆಗೆ ಟೋಪಿ ಹಾಕಿಕೊಂಡ ಒಬ್ಬರು ಗಿರಾಕಿಯ ಹಾಗೆ ಬಂದರು. ಗಿರಾಕಿಗಳು ಎಷ್ಟು ಹಣ್ಣು ಬಿಡುತ್ತೆ, ಎಷ್ಟು ದಿನಕ್ಕೆ ಬಿಡುತ್ತೆ ಎಂದು ಕೇಳುತ್ತಾರೆ. ಎಲೆ ಮಗುಚಿ ಬೆನ್ನು ನೋಡುವ ಗಿರಾಕಿಯನ್ನು ನಾನು ಇವತ್ತೇ ಕಂಡದ್ದು. ‘ಕತ್ತರಿ ಮೇಷ್ಟ್ರಾ ನೀವು?’ ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಗೆ ಬಂದಿತ್ತು.

‘ಆ ಹೆಸರು ಇಲ್ಲೀವರೆಗೂ ಬಂದಿದೆಯಾ!’ ಎಂದು ಗಟ್ಟಿಯಾಗಿ ನಕ್ಕರು. ‘ನಡೀರಿ, ತೋರಿಸಿ.’

ಹಿಂದಿನ ಸಾಲಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಬೇರೆ ಗೋಲಿ ಕಿತ್ತಳೆಗಳೆಲ್ಲ ಹೂ ಮುಗಿಸಿ ಮೆಣಸಿನ ಕಾಳಿನಷ್ಟು ಕಾಯಿ ಕಟ್ಟಿದ್ದವು. ನಮ್ಮ ಸಾಲು ಬೆಳ್ಳಗೆ ಹೂ ಹೊತ್ತುಕೊಂಡು ನಿಂತಿತ್ತು. ಅವರು ಅಲ್ಲೇ ನಿಂತುಬಿಟ್ಟರು.

‘ಇವು ಯಾಕೆ ಈಗ ಬಿಟ್ಟಿವೆ?’

‘ಇವು ಯಾವಾಗ್ಲೂ ಹೀಗೇ ಸಾರ್. ಮಿಕ್ಕಿದ್ದೆಲ್ಲಾ ಮುಗಿದ್ಮೇಲೆ, ಜೇನುಹುಳ ಬೇಜಾರಾಗಿ ಹೋದ್ಮೇಲೆ ಬಿಡ್ತಾವೆ.’

‘ಇದನ್ನ ನಿಮ್ಮ ತಂಗಿ ಬರೆದೇ ಇಲ್ವಲ್ಲಾ!’

‘ಅಪ್ಪನ ಗಿಡ ಗೋಡೆ ನೆರಳಲ್ಲಿದೆ, ಅದಕ್ಕೇ ತಡ ಅಂತ ಅವಳು ಅಂದ್ಕೊಂಡಿದ್ಲು. ಈ ಮೂವತ್ತೊಂದೂ ಬಟ್ಟ ಬಿಸಿಲಲ್ಲಿದಾವೆ. ಆದ್ರೂ ಹೀಗೇ. ಅವಳು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನಮ್ಮ ಮಾತು ನಿಂತುಹೋಗಿತ್ತು.’

ಒಂದು ಕುಂಡ ಬೋರಲು ಹಾಕಿಕೊಂಡು ಕೂತರು. ಬ್ಲೇಡು, ಮಸೂರ ತೆಗೆದರು. ನಿನ್ನ ಏಳು ಗಿಡಗಳಿಂದ ಐದೈದು ಹೂ. ಹೂವಿನ ಬುಡದ ಎಳೆಗಾಯಿಯನ್ನು ಅಡ್ಡ ಕೊಯ್ದು ಮುಂದೆ ತೊಳೆಯಾಗುವ ನಾಲ್ಕು ಮನೆ ಎಣಿಸುವುದು, ಒಂದೊಂದು ಮನೆಯಲ್ಲಿ ಅಂಡಕ ಎಣಿಸುವುದು. ‘ಎರಡು… ಎರಡು… ಎರಡು…’ ಗುಬ್ಬಿಯ ಹಾಗೆ ಅದೊಂದೇ ಸದ್ದು. ಆರನೆಯ ಗಿಡದ ಹೂವಿನಲ್ಲಿ ತಡೆದರು. ಮಸೂರ ಕಣ್ಣಿಗೆ ಒತ್ತಿದರು, ತೆಗೆದರು, ಮತ್ತೆ ಒತ್ತಿದರು. ಕುಂಡದಣ್ಣ ನೀರಿನ ಪೈಪು ಹಿಡಿದುಕೊಂಡು ತನ್ನ ಕಾಲಿಗೇ ಬಿಟ್ಟುಕೊಳ್ಳುತ್ತಿದ್ದ. ಅವರು ಅಂಗಿಯ ತುದಿಯಲ್ಲಿ ಮಸೂರ ಒರೆಸಿ ನೋಡಿದರು. ‘ಎರಡು’ ಎಂದರು.

ಎಲ್ಲ ಮುಗಿದ ಮೇಲೆ ಕೇಳಿದರು. ‘ಸೊರಗಿದ್ದನ್ನ ನರ್ಸರಿಯವರು ಮೊದಲ ತಿಂಗಳೇ ಕಿತ್ತು ಬಿಸಾಕ್ತಾರೆ. ನೀವ್ಯಾಕೆ ಇಟ್ಕೊಂಡ್ರಿ?’

‘ಆ ವರ್ಷ ಅಪ್ಪ ಹೋಗಿದ್ರು, ಅವಳೂ ಹೊರಟುಹೋದ್ಲು ಸಾರ್. ಇನ್ನೊಂದನ್ನ ಕಿತ್ತು ಕಳಿಸೋಕೆ ಮನಸ್ಸು ಬರ್ಲಿಲ್ಲ’ ಎಂದೆ.

ಅವರು ನಲ್ಲಿಯಲ್ಲಿ ಕೈ ತೊಳೆದುಕೊಂಡು ಹೊರಟುಹೋದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನಿನಗೆ ಹೇಳದ ಮಾತನ್ನು ಅವರಿಗೆ ಹೇಳಿದೆ. ಈಗ ನಿನಗೂ ಹೇಳಿದ ಹಾಗಾಯಿತು.

ಅಕ್ಕ

---

ಸೆಪ್ಟೆಂಬರ್ 19

ಅಕ್ಕಾ! ಅಕ್ಕಾ! ಅಕ್ಕಾ!

ಗೆದ್ದೆವು!

ಎರಡು ಗಂಟೆ ಹೊತ್ತು ಸಮಿತಿಯ ಮೂವರೂ ಸೇರಿ ನನ್ನನ್ನು ಅರೆದು ಹಾಕಿದರು. ಕಸಿಯ ಗಂಟು, ಕಳ್ಳಚಿಗುರು, ನನ್ನ ತಪ್ಪು, ಎಲ್ಲವನ್ನೂ ಮುಚ್ಚದೆ ಹೇಳಿದೆ. ಬಲಗಡೆಯ ಕೊಂಬೆ ಏನೆಂದು ಗುರುತಿಸಿದವರು ಯಾರು ಎಂದು ಒಬ್ಬರು ಕೇಳಿದರು. ನಿನ್ನ ಪೂರ್ತಿ ಹೆಸರು ಹೇಳಿದೆ. ‘ಯಾವ ಸಂಸ್ಥೆಯವರು?’ ಎಂದರು. ‘ನಮ್ಮ ನರ್ಸರಿಯವರು, ನಮ್ಮಕ್ಕ’ ಎಂದೆ. ನನ್ನ ಧ್ವನಿ ಆ ಕೋಣೆಯಲ್ಲಿ ಅಷ್ಟು ಗಟ್ಟಿಯಾಗಿ ಯಾವತ್ತೂ ಕೇಳಿರಲಿಲ್ಲ.

ಕೊನೆಗೆ ಕತ್ತರಿ ಮೇಷ್ಟ್ರು ಎದ್ದರು. ‘ಇದನ್ನ ಕತ್ತರಿಸೋಕೆ ನಾನೇ ಬ್ಲೇಡ್ ತಗೊಂಡು ಹೋಗಿದ್ದೆ. ಮೂವತ್ತೈದು ಹೂ ಕೊಯ್ದೆ. ಆಗ್ಲಿಲ್ಲ. ಇದು ಅಪ್ಪಟ ಪ್ರಭೇದ’ ಎಂದು ಕೂತರು. ಕುಲ ಕಿತ್ತಳೆಯದೇ ಇರಲಿ, ಪ್ರಭೇದ ಹೊಸದು ಎಂದು ಮೂವರೂ ಸಹಿ ಹಾಕಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಹೋ ಎಂದು ಅತ್ತೆ. ಪದವಿಯೂ ಆಯಿತು, ಹರ್ಬೇರಿಯಂನ ಕೆಲಸವೂ ಉಳಿಯಿತು.

ಈಗ ಮುಖ್ಯವಾದದ್ದು. ಹೊಸ ಪ್ರಭೇದಕ್ಕೆ ಹೆಸರಿಡಬೇಕು. ಹೆಸರಿಟ್ಟವರ ಹೆಸರು ಆ ಗಿಡದ ಹೆಸರಿನ ಹಿಂದೆ ಸದಾ ಇರುತ್ತದೆ, ಇನ್ನೂರು ವರ್ಷ ಕಳೆದರೂ. ಲೇಖನದಲ್ಲಿ ಎರಡು ಹೆಸರು ಹಾಕಿದ್ದೇನೆ. ಮೊದಲು ನಿನ್ನದು, ಆಮೇಲೆ ನನ್ನದು. ಮೇಷ್ಟ್ರನ್ನು ಕೇಳಿಯೇ ಹಾಕಿದ್ದು. ಗಿಡಕ್ಕೆ ನಿನ್ನ ಹೆಸರನ್ನೇ ಇಡೋಣ ಎಂದಿದ್ದೆ. ಅದಕ್ಕೆ ಅವರು, ‘ಬೇಡ, ಹೆಸರು ಅವರೇ ಇಡ್ಲಿ, ಅದು ಇನ್ನೂ ದೊಡ್ಡದು’ ಎಂದರು.

ನಮ್ಮ ಮಾತಿನಲ್ಲಿ ಹೇಳು, ಲ್ಯಾಟಿನ್ ಮಾಡುವುದು ನನ್ನ ಕೆಲಸ.

ನಿನ್ನ ಚಿಕ್ಕಿ

---

ಅಕ್ಟೋಬರ್ 4

ಚಿಕ್ಕೀ,

ನಿನ್ನ ಕಾಗದವನ್ನು ಕುಂಡದಣ್ಣ ಜೋರಾಗಿ ಓದಿದ, ನಾನು ಮತ್ತೆ ಓದಿದೆ, ಕಾಲೇಜಿನ ಹುಡುಗಿ ಬಂದಾಗ ಅವಳ ಕೈಯಲ್ಲೂ ಓದಿಸಿದೆ. ಮೂರು ಸಲವೂ ಗೆದ್ದೇ ಇದ್ದೆವು!

ಮೊದಲು ನಿನಗೆ ಬೈಗುಳ. ಹತ್ತನೇ ಕ್ಲಾಸು ಮುಗಿಸದವಳ ಹೆಸರನ್ನು ಮೊದಲು ಹಾಕುತ್ತಾರೇನೇ? ಹಿಂದೆ ಹಾಕು ಎಂದು ಬರೆಯಲು ಕೂತೆ. ಒಂದು ಹಾಳೆ ಬರೆದು ಹರಿದು ಹಾಕಿದೆ. ಯಾಕೆ ಸುಳ್ಳು ಹೇಳಲಿ, ನನಗೆ ಬಹಳ ಖುಷಿಯಾಗಿದೆ. ಮೊದಲೇ ಇರಲಿ, ತೆಗೆಯಬೇಡ.

ಹೆಸರಿಗೆ ಹತ್ತು ದಿನ ಯೋಚನೆ ಮಾಡಿದೆ. ಅಪ್ಪನ ಹೆಸರು ನೆನಪಾಯಿತು, ಅಮ್ಮನದೂ ಬಂತು. ಆದರೆ ಗಿಡಕ್ಕೆ ಗಿಡದ್ದೇ ಹೆಸರಿರಬೇಕು ಅನ್ನಿಸಿತು. ‘ತಡವಾಗಿ ಹೂ ಬಿಡುವುದು’ ಎಂದಿಡು. ನಿಮ್ಮ ಲ್ಯಾಟಿನ್‌ನಲ್ಲಿ ಅದಕ್ಕೊಂದು ಮಾತು ಇದ್ದೇ ಇರುತ್ತದೆ. ತಡ ಎಂದರೆ ಸೋತ ಹಾಗಲ್ಲ ಎಂದು ಯಾರಾದರೂ ಓದುವವರಿಗೆ ತಿಳಿಯಲಿ.

ಇವತ್ತು ಬೆಳಿಗ್ಗೆ ಒಬ್ಬಾಕೆ ಹಿಂದಿನ ಸಾಲಿನವರೆಗೂ ಬಂದು, ‘ಇದ್ಯಾವ ಗಿಡ?’ ಎಂದು ಕೇಳಿದಳು. ಹೊಸ ಹೆಸರು ಹೇಳಿದೆ.

‘ಈ ಹೆಸರು ಕೇಳೇ ಇಲ್ವಲ್ಲಾ. ಯಾರು ಇಟ್ಟಿದ್ದು?’

ಕೈಯಲ್ಲಿ ಗೊಬ್ಬರ ಇತ್ತು. ಬಟ್ಟೆಗೆ ಒರೆಸಿಕೊಂಡು ನೆಟ್ಟಗೆ ನಿಂತೆ.

‘ನಾವು’ ಎಂದೆ. ‘ನಾನೂ ನನ್ನ ತಂಗಿನೂ.’

ನಿನ್ನ ಅಕ್ಕ